ಮಗಳ ಮೆಡಿಕಲ್ ಸೀಟಿಗಾಗಿ ಲಂಡನ್ನಿಗೆ

ಲಂಡನ್ನಿನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನೋಡಿದ್ದು ಬೆಂಚುಗಳನ್ನು. ರಾಣಿಯ ಅರಮನೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದೆ. ಹೆಸರುವಾಸಿ ಸೇತುವೆಯ ಮೇಲೆ ನಡೆದೆ, ಆದರೆ ಮಂಜು ಎಷ್ಟಿತ್ತೆಂದರೆ ಕೆಳಗೆ ನದಿ ಇತ್ತೆಂದು ಮಗಳು ಹೇಳಿದ್ದನ್ನು ನಂಬಬೇಕಾಯಿತು. ಬೆಂಚುಗಳ ವಿಷಯ ಬೇರೆ. ಮೆಡಿಕಲ್ ಕಾಲೇಜುಗಳ ಪಡಸಾಲೆಗಳಲ್ಲಿ ಕೂತು ಕೂತು ಆ ಊರಿನ ಮರದ ಕೆಲಸದ ಬಗ್ಗೆ ಒಂದಿಷ್ಟು ಮಾತಾಡಬಲ್ಲೆ. ಊರಿಗೆ ಬಂದ ಮೇಲೆ ಗುಂಡ್ಲುಪೇಟೆಯ ನನ್ನ ಮಂಡಿಗೆ ಬಂದವರೆಲ್ಲ ಲಂಡನ್ ಹೇಗಿದೆ ಎಂದು ಕೇಳಿದರು. ಒಬ್ಬೊಬ್ಬರಿಗೂ ಒಂದೊಂದು ತುಂಡು ಹೇಳಿದ್ದೆ. ಇಲ್ಲಿ ಪೂರ್ತಿ ಬರೆಯುತ್ತೇನೆ.

ಗುಂಡ್ಲುಪೇಟೆ

ನಾನು ಗುರುಮಲ್ಲಪ್ಪ. ಅರಿಸಿನ, ಈರುಳ್ಳಿ ವ್ಯಾಪಾರ. ನನ್ನ ಒಬ್ಬಳೇ ಮಗಳು ದಾಕ್ಷಾಯಿಣಿಗೆ ಹತ್ತು ವರ್ಷವಾದಾಗಿನಿಂದ ಡಾಕ್ಟರಾಗುವ ಹುಚ್ಚು. ಅದಕ್ಕೆ ಕಾರಣ ನಮ್ಮ ಮಂಡಿಯ ಎದುರಿಗಿದ್ದ ಡಿಸ್ಪೆನ್ಸರಿ. ಅದನ್ನು ನಡೆಸುತ್ತಿದ್ದವರು ಮಿಸ್ ಆಲ್ಡನ್ ಎಂಬ ಇಂಗ್ಲಿಷ್ ಹೆಂಗಸು, ಊರಿಗೆಲ್ಲ ಡಾಕ್ಟರಮ್ಮ. ಬಂಡೀಪುರದ ಕಾಡು ದಾಟಿ ಕೇರಳದ ಕಡೆಯಿಂದ ಲಾರಿಗಳಲ್ಲಿ ಬರುವ ಮಲಯಾಳಿ ಹೆಂಗಸರು, ಸತ್ಯಮಂಗಲದ ಕಡೆಯ ತಮಿಳರು, ಎಲ್ಲರೂ ಅವರ ಬಾಗಿಲಿಗೆ ಬರುತ್ತಿದ್ದರು. ಡಾಕ್ಟರಮ್ಮನಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು, ಉಳಿದೆರಡು ಭಾಷೆ ಬರುತ್ತಿರಲಿಲ್ಲ. ಮಂಡಿಯಲ್ಲಿ ಕೂತು ಮೂರೂ ಭಾಷೆ ಕಲಿತಿದ್ದ ನನ್ನ ಮಗಳು ಸ್ಕೂಲು ಬಿಟ್ಟೊಡನೆ ಅಲ್ಲಿಗೆ ಓಡುತ್ತಿದ್ದಳು. ರೋಗಿ ಹೇಳಿದ್ದನ್ನು ಡಾಕ್ಟರಮ್ಮನಿಗೆ, ಡಾಕ್ಟರಮ್ಮ ಹೇಳಿದ್ದನ್ನು ರೋಗಿಗೆ ಹೇಳುವುದು ಅವಳ ಕೆಲಸ.

ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿ ಮೆಡಿಕಲ್ಲಿಗೆ ಅರ್ಜಿ ಹಾಕಿದಾಗ ನಾನೊಂದು ಕೆಲಸ ಮಾಡಿದೆ. ಅವಳಿಗೆ ಹೇಳದೆ, ಚಾಮರಾಜನಗರದಿಂದ ಬೆಂಗಳೂರಿನವರೆಗೆ ನಾಲ್ವರು ದೊಡ್ಡ ಮನುಷ್ಯರ ಮನೆಗೆ ಅಲೆದು ಶಿಫಾರಸು ಕಾಗದ ಬರೆಸಿದೆ. ಅವುಗಳಿಂದ ಏನೂ ಆಗಲಿಲ್ಲ. ಭೌತಶಾಸ್ತ್ರದಲ್ಲಿ ಅವಳ ಅಂಕ ಕಡಿಮೆ ಇತ್ತು. ನೋಟಿಸ್ ಬೋರ್ಡಿನಲ್ಲಿ ಅವಳ ಹೆಸರು ಕಾಯುವವರ ಪಟ್ಟಿಯಲ್ಲಿ ಬಂತು, ಮೇಲಿನವರು ಯಾರೂ ಸೀಟು ಬಿಡಲಿಲ್ಲ. ಅದು ನ್ಯಾಯವೇ. ಮಗಳು ಅತ್ತದ್ದು ಸೀಟು ಸಿಗಲಿಲ್ಲವೆಂದಲ್ಲ, ಆ ನಾಲ್ಕು ಕಾಗದದ ವಿಷಯ ಗೊತ್ತಾಗಿ. ಎರಡು ತಿಂಗಳು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಅಷ್ಟು ಹೊತ್ತಿಗೆ ಡಾಕ್ಟರಮ್ಮ ನಿವೃತ್ತಿಯಾಗಿ ಲಂಡನ್ನಿಗೆ ಹೋಗಿದ್ದರು. ದಾಕ್ಷಾಯಿಣಿ ಅವರಿಗೆ ಕಾಗದ ಬರೆದಳು, ಅವರು ಅಲ್ಲಿಯ ಕಾಲೇಜುಗಳಿಗೆ ಬರೆದರು. ಎರಡು ಕಾಲೇಜುಗಳಿಂದ ಉತ್ತರ ಬಂತು. ಎರಡರಲ್ಲೂ ಒಂದೇ ಮಾತು: ಮುಖ ನೋಡದೆ ಸೇರಿಸಿಕೊಳ್ಳುವುದಿಲ್ಲ, ಮಾರ್ಚಿನಲ್ಲಿ ಬಂದರೆ ಸಂದರ್ಶನ ಮಾಡುತ್ತೇವೆ.

ಸಿಗುತ್ತದೋ ಇಲ್ಲವೋ ಗೊತ್ತಿಲ್ಲದ ಸೀಟಿಗೆ ಸಮುದ್ರ ದಾಟುವುದೇ ಎಂದು ನೆಂಟರೆಲ್ಲ ಕೇಳಿದರು. ನನ್ನ ಹೆಂಡತಿ ಚಿಕ್ಕತಾಯಮ್ಮ ಮಾತ್ರ ಏನೂ ಕೇಳಲಿಲ್ಲ. ಒಂದು ವಾರ ರಾಗಿ ಹುರಿದು ಹಿಟ್ಟು ಮಾಡಿಸಿ, ಚಟ್ನಿಪುಡಿ ಕುಟ್ಟಿ, ಟ್ರಂಕಿನ ತಳದಲ್ಲಿ ತುಂಬಿಬಿಟ್ಟಳು. ಎರಡು ವರ್ಷ ಅರಿಸಿನ ಚೆನ್ನಾಗಿ ಬಂದಿತ್ತು. ಹೊರಟೆವು.

ಹಡಗಿನ ಮೇಲೆ

ಚಾಮರಾಜನಗರದಲ್ಲಿ ರೈಲು ಹತ್ತಿದರೆ ನಂಜನಗೂಡು ಬರುವುದರೊಳಗೆ ಎದುರಿಗೆ ಕೂತವರ ಮಗಳ ಮದುವೆ, ಎತ್ತಿನ ಕಾಯಿಲೆ ಎಲ್ಲ ತಿಳಿದಿರುತ್ತದೆ. ಬೊಂಬಾಯಿಯಲ್ಲಿ ಹತ್ತಿದ ಹಡಗಿನಲ್ಲಿ ನಮ್ಮ ಪಕ್ಕದ ಕೋಣೆಯವರು ನಾಲ್ಕನೆಯ ದಿನ ಮೊದಲ ಸಲ ಮಾತಾಡಿದರು, ಅದೂ ಹವೆಯ ಬಗ್ಗೆ. ಹವೆ ಇಬ್ಬರ ಕಣ್ಣಿಗೂ ಕಾಣುತ್ತಿತ್ತು.

ಬೆಳಿಗ್ಗೆ ಇಷ್ಟಲಿಂಗ ಪೂಜೆಗೆ ಕೂತರೆ ಹಡಗು ಒಂದು ಕಡೆ, ನಾನು ಒಂದು ಕಡೆ. ಅಂಗೈಯಲ್ಲಿ ಲಿಂಗ ಹಿಡಿದು ಇನ್ನೊಂದು ಕೈಯಲ್ಲಿ ಮಂಚದ ಕಾಲು ಹಿಡಿದು ಪೂಜೆ ಮಾಡಿದ್ದು ನನ್ನ ವಂಶದಲ್ಲಿ ನಾನೊಬ್ಬನೇ ಇರಬೇಕು. ಒಂದು ದಿನ ಹಡಗಿನಲ್ಲಿ ಊಟ ಬಡಿಸುವವನು ಬಾಗಿಲು ತಟ್ಟದೆ ಒಳಗೆ ಬಂದವನು ನನ್ನನ್ನು ನೋಡಿ, ಹೊಟ್ಟೆ ತೊಳಸಿ ನೆಲಕ್ಕೆ ಕೂತಿದ್ದಾನೆ ಎಂದುಕೊಂಡು ಒಂದು ಬಕೆಟ್ಟು ತಂದಿಟ್ಟು ಹೋದ. ಒಳ್ಳೆಯ ಮನುಷ್ಯ. ಆಮೇಲೆ ದಿನಾ ಅದೇ ಹೊತ್ತಿಗೆ ಬಕೆಟ್ಟು ತರುತ್ತಿದ್ದ.

ಸಂಜೆ ಮೇಲಿನ ಡೆಕ್ಕಿನಲ್ಲಿ ಮಗಳು ಸಂದರ್ಶನಕ್ಕೆ ತಯಾರಾಗುತ್ತಿದ್ದಳು. ನಾನು ಕಾಲೇಜಿನ ಮುಖ್ಯಸ್ಥ. ಯಾಕಮ್ಮ ಡಾಕ್ಟರಾಗಬೇಕು ಎಂದು ನಾನು ಕೇಳಬೇಕು, ಅವಳು ಇಂಗ್ಲಿಷಿನಲ್ಲಿ ಉತ್ತರ ಹೇಳಬೇಕು. ಬಡವರ ಸೇವೆ, ದೇಶದ ಏಳಿಗೆ ಎಂದೆಲ್ಲ ಉದ್ದಕ್ಕೆ ಹೇಳುತ್ತಿದ್ದಳು. ನನಗೆ ಅರ್ಧ ಅರ್ಥವಾಗುತ್ತಿತ್ತು, ಪೂರ್ತಿ ಚೆನ್ನಾಗಿದೆ ಎನಿಸುತ್ತಿತ್ತು.

ಮೊದಲ ಕಾಲೇಜು

ಲಂಡನ್ನಿನಲ್ಲಿ ನಾವು ಇಳಿದುಕೊಂಡಿದ್ದ ಮನೆಯ ಒಡತಿ ವಿಧವೆ. ಯುದ್ಧ ಮುಗಿದು ವರ್ಷಗಳೇ ಆಗಿದ್ದರೂ ಅಲ್ಲಿ ಇನ್ನೂ ರೇಷನ್ ಇತ್ತು. ಮಾಂಸ ತಿನ್ನುವುದಿಲ್ಲ ಎಂದು ಬರೆಸಿದರೆ ಚೀಸ್ ಎಂಬ ಅಲ್ಲಿಯ ಗಿಣ್ಣನ್ನು ಹೆಚ್ಚು ಕೊಡುತ್ತಿದ್ದರು. ನಾವು ಬರೆಸಿದ ಮೇಲೆ ಆ ತಾಯಿ ನಮ್ಮನ್ನು ಬಹಳ ಗೌರವದಿಂದ ಕಾಣತೊಡಗಿದರು. ಗಿಣ್ಣನ್ನು ನಾವು ತಿನ್ನಲಾರದೆ ಅವರಿಗೇ ಕೊಡುತ್ತಿದ್ದೆವು.

ಲಂಡನ್ನಿನಲ್ಲಿ ಒಂದೇ ಮೆಡಿಕಲ್ ಕಾಲೇಜಲ್ಲ. ದೊಡ್ಡ ದೊಡ್ಡ ಆಸ್ಪತ್ರೆಗೆ ಒಂದೊಂದು ಕಾಲೇಜು, ಒಂದೊಂದಕ್ಕೂ ಅದರದೇ ಮುಖ್ಯಸ್ಥ. ಅವನನ್ನು ಡೀನ್ ಎನ್ನುತ್ತಾರೆ. ಎಲ್ಲ ಸೇರಿ ಒಂದು ಪಟ್ಟಿ ಎಂಬುದೇ ಇಲ್ಲ. ಒಬ್ಬ ಬೇಡವೆಂದವಳನ್ನು ಇನ್ನೊಬ್ಬ ಬೇಕೆನ್ನಬಹುದು.

ಮೊದಲ ಕಾಲೇಜಿಗೆ ಹೊರಟಾಗ ನನ್ನ ಕೋಟಿನೊಳಗೆ ಒಂದು ಪೊಟ್ಟಣವಿತ್ತು. ಮೈಸೂರು ರೇಷ್ಮೆಯ ಶಾಲು. ಡೀನ್ ಸಾಹೇಬರಿಗೆ ಮೊದಲೇ ಕೈಗೆ ಕೊಟ್ಟುಬಿಡೋಣ ಎಂದು ಊರಿನಿಂದಲೇ ತಂದಿದ್ದೆ. ಮಗಳಿಗೆ ಹೇಳಿರಲಿಲ್ಲ. ಬಾಗಿಲಲ್ಲಿ ಎತ್ತರದ ಟೋಪಿ, ಹಿತ್ತಾಳೆಯ ಗುಂಡಿಗಳ ಕೋಟು ಹಾಕಿದ್ದ ಬಿಳಿಗಡ್ಡದ ಒಬ್ಬರು ನಿಂತಿದ್ದರು. ಆ ಗಾಂಭೀರ್ಯ ನೋಡಿ ಇವರೇ ಎಂದು ತೀರ್ಮಾನಿಸಿದೆ. ಮಗಳು ಗುಮಾಸ್ತೆಯ ಹತ್ತಿರ ಹೆಸರು ಬರೆಸುತ್ತಿದ್ದಾಗ, ಬಗ್ಗಿ ನಮಸ್ಕಾರ ಮಾಡಿ ಪೊಟ್ಟಣ ಅವರ ಕೈಗಿಟ್ಟೆ. ಅವರೂ ತಲೆಬಾಗಿ ತೆಗೆದುಕೊಂಡು, ಒಳಗೆ ಹೋಗಿ, ಬಂದು ನನ್ನ ಕೈಗೊಂದು ಹಿತ್ತಾಳೆ ಬಿಲ್ಲೆ ಕೊಟ್ಟರು. ಅದರ ಮೇಲೆ ನಂಬರಿತ್ತು. ಇದು ಸೀಟಿನ ನಂಬರೇ ಇರಬೇಕೆಂದು ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಬೆಂಚಿನ ಮೇಲೆ ಕೂತೆ.

ಅವರು ದ್ವಾರಪಾಲಕರು. ಬಂದವರ ಕೊಡೆ, ಕೋಟು, ಪೊಟ್ಟಣ ಇಟ್ಟುಕೊಂಡು ಬಿಲ್ಲೆ ಕೊಡುವುದು ಅವರ ಕೆಲಸ. ಸಂದರ್ಶನ ಮುಗಿಸಿ ಬಂದ ಮಗಳಿಗೆ ಆ ಬಿಲ್ಲೆ ತೋರಿಸಿದಾಗ ಅವಳು ಮೊದಲು ನಕ್ಕಳು. ಪೊಟ್ಟಣದಲ್ಲಿ ಏನಿತ್ತೆಂದು ಕೇಳಿದ ಮೇಲೆ ನಗು ನಿಂತಿತು. ಬಿಲ್ಲೆ ಕೊಟ್ಟು ಪೊಟ್ಟಣ ಬಿಡಿಸಿಕೊಂಡು ಹೊರಗೆ ಬಂದೆವು.

"ಅಪ್ಪ, ಮೈಸೂರಲ್ಲಿ ಮಾಡಿದ್ದು ಸಾಕಾಗ್ನಿಲ್ವಾ? ಇಲ್ಲೂ ನನ್ ತಲೆ ತಗ್ಗುಸ್ಬೇಡ ಕಣಪ್ಪ. ನನ್ಗೆ ಸೀಟ್ ಸಿಕ್ದೆ ಇದ್ರೂ ಓಗ್ಲಿ."

ರಸ್ತೆಯಲ್ಲಿ ನಿಂತು ಅವಳು ಅಷ್ಟು ಮೆತ್ತಗೆ ಹೇಳಿದ್ದು ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು. ಇನ್ನು ಮೇಲೆ ಕಾಲೇಜಿನೊಳಗೆ ಬಾಯಿಯನ್ನೂ ಕೈಯನ್ನೂ ಮಡಚಿಕೊಂಡಿರುತ್ತೇನೆ ಎಂದು ಮಾತು ಕೊಟ್ಟೆ.

ಸಂದರ್ಶನದ ಕೋಣೆಯಲ್ಲಿ ಮೂವರಿದ್ದರಂತೆ. ತಂದೆ ಡಾಕ್ಟರೇ, ಮನೆಯವರು ಯಾರಾದರೂ ಈ ಆಸ್ಪತ್ರೆಯಲ್ಲಿ ಓದಿದ್ದಾರೆಯೇ, ಹಾಕಿ ಆಡುತ್ತೀಯಾ, ಮದುವೆಯಾದ ಮೇಲೆ ವೃತ್ತಿ ಬಿಡುತ್ತೀಯಾ ಎಂದು ಕೇಳಿದರಂತೆ. ಹಡಗಿನಲ್ಲಿ ಉರುಹೊಡೆದದ್ದನ್ನು ಅವಳು ಒಪ್ಪಿಸಿದಳು. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ನಮ್ಮ ಕಡೆ ಜಾತಿ, ತಾಲ್ಲೂಕು ಕೇಳಿ ಬರೆದುಕೊಳ್ಳುತ್ತಾರೆ. ಇಲ್ಲಿ ಅಪ್ಪನ ಕಸುಬು, ಆಡುವ ಆಟ. ಹುಡುಗಿ ಯಾರ ಮನೆಯಿಂದ ಬಂದಳು ಎಂಬ ಕುತೂಹಲ ಎರಡು ಕಡೆಯೂ ಒಂದೇ.

ಮಾರನೆಯ ಬೆಳಿಗ್ಗೆಯೇ ಅಂಚೆಯಲ್ಲಿ ಉತ್ತರ ಬಂತು. ಸಾಧ್ಯವಾಗದ್ದಕ್ಕೆ ವಿಷಾದವಿದೆ ಎಂದು ಎರಡು ಸಲ ಬರೆದಿದ್ದರು. ಅಷ್ಟು ಮರ್ಯಾದೆಯಿಂದ ಇಲ್ಲ ಎಂದವರನ್ನು ನಾನು ವ್ಯಾಪಾರದಲ್ಲಿ ಕಂಡಿಲ್ಲ. ಮಗಳು ಕಾಗದವನ್ನು ಮಡಚಿ ಪುಸ್ತಕದೊಳಗಿಟ್ಟು, ಆ ದಿನವೆಲ್ಲ ಭೌತಶಾಸ್ತ್ರ ಓದಿದಳು. ಓದಿದಳೋ, ಪುಟ ನೋಡುತ್ತ ಕೂತಿದ್ದಳೋ ತಿಳಿಯಲಿಲ್ಲ. ಉಳಿದದ್ದು ಒಂದೇ ಕಾಲೇಜು.

ಡಾಕ್ಟರಮ್ಮನ ಮನೆ

ಭಾನುವಾರ ಡಾಕ್ಟರಮ್ಮನ ಮನೆಗೆ ಹೋದೆವು. ಊರಾಚೆ, ಒಂದೇ ಅಚ್ಚಿನಲ್ಲಿ ತೆಗೆದಂಥ ಮನೆಗಳ ಸಾಲು. ತಪ್ಪಿ ಬೇರೆ ಎರಡು ಮನೆಯ ಬಾಗಿಲು ತಟ್ಟಿದೆವು. ಮೂರನೆಯದರ ಬಾಗಿಲು ತೆರೆದು, ಉಣ್ಣೆಯ ಅಂಗಿ ತೊಟ್ಟ ಮುದುಕಿ ಅಪ್ಪಟ ಗುಂಡ್ಲುಪೇಟೆಯ ಕನ್ನಡದಲ್ಲಿ, "ಏನ್ ಮಲ್ಲಪ್ಪ, ಸಂದಾಗಿದ್ದೀಯ? ಬಾ, ಕುಂತ್ಕೊ. ಒಲೆತಾವ ಬಾ, ಚಳಿ ಅದೆ," ಎಂದಾಗ ನನ್ನ ಕಣ್ಣು ತುಂಬಿಬಂತು. ಇಪ್ಪತ್ತು ದಿನಗಳಿಂದ ಮಗಳನ್ನು ಬಿಟ್ಟು ಬೇರೆ ಯಾರ ಬಾಯಲ್ಲೂ ಆ ಮಾತು ಕೇಳಿರಲಿಲ್ಲ.

ಹಿತ್ತಿಲಿನಲ್ಲಿ ಎಲೆಕೋಸು ಹಾಕಿದ್ದರು. ನಮ್ಮ ಕಡೆ ತೋಟದವರು ಬಿಸಾಡುವಷ್ಟು ಚಿಕ್ಕ ಕೋಸುಗಳು. ಅವನ್ನು ಮಕ್ಕಳಂತೆ ತೋರಿಸಿದರು. ರಾಗಿಹಿಟ್ಟು ಕೊಟ್ಟರೆ ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನಿಂತರು.

ಮಗಳು ಮೊದಲ ಕಾಲೇಜಿನ ಕತೆ ಹೇಳಿದಳು. ಸೇವೆ, ದೇಶದ ಏಳಿಗೆ ಎಂದು ಹೇಳಿದೆಯಾ ಎಂದು ಡಾಕ್ಟರಮ್ಮ ಕೇಳಿದರು. ಹೌದೆಂದಳು. ಆ ಮಾತು ಎಲ್ಲರೂ ಹೇಳುತ್ತಾರೆ, ಬೆಳಿಗ್ಗೆಯಿಂದ ಅದನ್ನೇ ಕೇಳಿ ಅವರಿಗೆ ನಿದ್ದೆ ಬಂದಿರುತ್ತದೆ, ನೀನು ಮಾಡಿದ್ದನ್ನು ಹೇಳು ಎಂದರು. ತಾವು ಹುಡುಗಿಯಾಗಿದ್ದಾಗ ಈ ಊರಿನ ಎಷ್ಟೋ ಕಾಲೇಜುಗಳು ಹೆಂಗಸರ ಅರ್ಜಿಯನ್ನೇ ಮುಟ್ಟುತ್ತಿರಲಿಲ್ಲವೆಂದೂ, ತಮ್ಮನ್ನು ಸೇರಿಸಿಕೊಂಡ ಕಾಲೇಜು ಐದನೆಯದೆಂದೂ ಹೇಳಿದರು. ಅದು ನಮಗೆ ಗೊತ್ತೇ ಇರಲಿಲ್ಲ. ದಾಕ್ಷಾಯಿಣಿ ಆ ದಿನ ಮೊದಲ ಸಲ ಎರಡು ತುಂಡು ರೊಟ್ಟಿ ತಿಂದಳು.

ನಾನು ನಾಚಿಕೆ ಬಿಟ್ಟು ಕೇಳಿದೆ: ಎರಡನೆಯ ಕಾಲೇಜಿನ ಡೀನಿಗೆ ನೀವೊಂದು ಮಾತು ಹೇಳಬಾರದೇ? ಅವರು ಕೋಪಿಸಿಕೊಳ್ಳಲಿಲ್ಲ. ತಾವು ಕಣ್ಣಾರೆ ಕಂಡದ್ದನ್ನು ಆಗಲೇ ಬರೆದು ಕಳಿಸಿದ್ದಾಗಿದೆ, ಕಾಣದ್ದನ್ನು ಬರೆಯಲಾರೆ ಎಂದರು. ಆಗ ನಾನು ಕೋಟಿನಿಂದ ಆ ಶಾಲು ತೆಗೆದು ಅವರ ಮುಂದಿಟ್ಟೆ. ಮಗಳ ಮುಖ ಗಂಟಾಯಿತು. ಡಾಕ್ಟರಮ್ಮ ಶಾಲನ್ನು ಬಿಡಿಸಿ ನೋಡಿದರು.

"ನನ್ ಕೈಲಿ ಯಾವ ಸೀಟೂ ಇಲ್ಲ ಮಲ್ಲಪ್ಪ," ಎಂದರು. "ಅದ್ಕೆ ಇಸ್ಕೋತೀನಿ."

ಹೊದ್ದುಕೊಂಡೇ ನಮ್ಮನ್ನು ಬಸ್ಸಿನವರೆಗೆ ಕಳಿಸಲು ಬಂದರು.

ಎರಡನೆಯ ಕಾಲೇಜು

ಈ ಕಾಲೇಜಿನ ಪಡಸಾಲೆಯ ಬೆಂಚು ಮೊದಲನೆಯದಕ್ಕಿಂತ ಕಿರಿದು, ಒರಗಲು ಬೆನ್ನಿಲ್ಲ. ನನ್ನ ಪಕ್ಕದಲ್ಲಿ ಒಬ್ಬ ಗಟ್ಟಿ ಆಳು, ಕತ್ತಿಗೆ ಬಿಗಿಯಾದ ಟೈ ಕಟ್ಟಿಕೊಂಡು ನನ್ನಷ್ಟೇ ಕಷ್ಟಪಡುತ್ತ ಕೂತಿದ್ದ. ಅವನ ಮಗನೂ ಸಂದರ್ಶನಕ್ಕೆ ಬಂದಿದ್ದ. ಮನುಷ್ಯ ವೇಲ್ಸ್ ಕಡೆಯ ಕಲ್ಲಿದ್ದಲ ಗಣಿಯವನು ಎಂದು ಮಗಳು ಕೇಳಿ ಹೇಳಿದಳು. ಅವನ ಇಂಗ್ಲಿಷ್ ನನಗೆ ತಿಳಿಯಲಿಲ್ಲ, ನನ್ನದು ಅವನಿಗೆ ತಿಳಿಯಲಿಲ್ಲ. ಪೆಪ್ಪರ್‌ಮಿಂಟ್ ಕೊಟ್ಟ. ನಾನು ಜೇಬಿನಿಂದ ಹುರಿಗಡಲೆ ಕೊಟ್ಟೆ. ತೆಗೆದುಕೊಳ್ಳುವಾಗ ಅವನು ನನ್ನ ಉಗುರುಗಳನ್ನು ನೋಡಿದ, ನಾನು ಅವನವನ್ನು ನೋಡಿದೆ. ಅವನ ಉಗುರಿನ ಸಂದಿಯಲ್ಲಿ ಇದ್ದಿಲ ಕಪ್ಪು, ನನ್ನದರಲ್ಲಿ ಅರಿಸಿನದ ಹಳದಿ. ಎಷ್ಟು ಉಜ್ಜಿದರೂ ಎರಡೂ ಹೋಗುವಂಥದ್ದಲ್ಲ. ಇಬ್ಬರೂ ಜೋರಾಗಿ ನಕ್ಕೆವು. ದಾರಿಯಲ್ಲಿ ಹೋಗುತ್ತಿದ್ದ ನರ್ಸೊಬ್ಬಳು ತುಟಿಗೆ ಬೆರಳಿಟ್ಟು ಹೋದಳು.

ಅವನ ಮಗ ಬೆವರುತ್ತ ಹೊರಗೆ ಬಂದ, ಇಬ್ಬರೂ ನನಗೆ ಕೈಕುಲುಕಿ ಹೋದರು. ಆ ಹುಡುಗನಿಗೆ ಸೀಟು ಸಿಕ್ಕಿತೋ ಇಲ್ಲವೋ ಗೊತ್ತಾಗಲಿಲ್ಲ. ಸಿಕ್ಕಿರಲಿ.

ಮಗಳು ಒಳಗೆ ಹೋಗಿ ಕಾಲು ಗಂಟೆ ಆಯಿತು, ಅರ್ಧ ಗಂಟೆ ಆಯಿತು. ಮೊದಲ ಕಾಲೇಜಿನಲ್ಲಿ ಹತ್ತು ನಿಮಿಷಕ್ಕೆ ಕಳಿಸಿದ್ದರು. ಇಷ್ಟು ಹೊತ್ತು ಆಗುತ್ತಿರುವುದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯದೆ ಹುರಿಗಡಲೆಯನ್ನೆಲ್ಲ ತಿಂದು ಮುಗಿಸಿದೆ. ಆಗ ಬಾಗಿಲು ತೆರೆದು ಗುಮಾಸ್ತೆ ನನ್ನನ್ನೇ ಒಳಗೆ ಕರೆದಳು.

ಮೇಜಿನ ಹಿಂದೆ ಕೃಶವಾದ ಒಬ್ಬ ಮುದುಕರು, ಅವರೇ ಡೀನ್. ಪಕ್ಕದಲ್ಲಿ ನರೆತ ತಲೆಯ ಒಬ್ಬ ಹೆಂಗಸು ಡಾಕ್ಟರು. ನಾನು ಕೈ ಮುಗಿದು, ಕೊಟ್ಟ ಮಾತು ನೆನೆಸಿಕೊಂಡು ಬಾಯಿ ಮುಚ್ಚಿ ನಿಂತೆ. ಡೀನ್ ಏನೋ ಕೇಳಿದರು. ಮಗಳು ನನ್ನ ಕಡೆ ತಿರುಗಿದಳು. ಮುಖ ಕೆಂಪಾಗಿತ್ತು.

"ನಾವು ತಕೊಳ್ದೆ ಓದ್ರೆ ನಿಮ್ಮಪ್ಪ ಏನ್ ಮಾಡ್ತಾರೆ ಅಂತ ಕೇಳ್ತಾವ್ರೆ. ಯೋಳಪ್ಪ."

ನಾನೊಂದು ಕ್ಷಣ ಅವಳನ್ನು ನೋಡಿದೆ. ಬೇಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಒಂದು ವರ್ಷದ ಹಿಂದಿನ ನಾನಾಗಿದ್ದರೆ ಕಾಲು ಹಿಡಿಯುತ್ತಿದ್ದೆನೋ ಏನೋ. ಆದರೆ ಅವಳು ಕೇಳಿದ ರೀತಿಯಲ್ಲಿ ಹೆದರಿಕೆ ಇರಲಿಲ್ಲ. ಉತ್ತರ ಏನೆಂದು ತನಗೂ ತಿಳಿಯಬೇಕು ಎಂಬಂತೆ ಕೇಳಿದ್ದಳು.

"ಕರ್ಕಂಡ್ ಓಯ್ತೀನಿ," ಎಂದೆ. "ಬರೋ ಜೂನ್‌ಗೆ ಮೈಸೂರಲ್ಲಿ ಅರ್ಜಿ ಆಕ್ತೀವಿ. ಅಲ್ಲೂ ಆಗ್ನಿಲ್ಲ ಅಂದ್ರೆ ಅದರ ಮುಂದ್ಲ ವರ್ಷ. ಒಂದ್ ಸಂತೇಲಿ ಅರಿಸ್ನ ಓಗ್ನಿಲ್ಲ ಅಂತ ನಾನೇನ್ ಮೂಟೆನ ಒಳೆಗ್ ಸುರಿದ್ಬುಟ್ ಬತ್ತೀನಾ? ಯೋಳವ್ವ ಅವ್ರಿಗೆ."

ದಾಕ್ಷಾಯಿಣಿ ಅವರ ಕಡೆ ತಿರುಗಿ ಹೇಳಿದ್ದು ನಾಲ್ಕೇ ಪದ. ವೀ ವಿಲ್ ಟ್ರೈ ಅಗೇನ್. ಅರಿಸಿನ, ಸಂತೆ, ಮೂಟೆ ಎಲ್ಲ ಬಿಟ್ಟುಬಿಟ್ಟಿದ್ದಳು. ಅಷ್ಟು ಇಂಗ್ಲಿಷ್ ನನಗೂ ಬರುತ್ತದೆ. ವೀ ಅಂದರೆ ನಾವು. ಆ ಒಂದು ಪದ ನನಗೆ ಬಹಳ ಹಿಡಿಸಿತು. ಹೆಂಗಸು ಡಾಕ್ಟರು ಕಾಗದದ ಮೇಲೆ ಏನೋ ಬರೆದುಕೊಂಡರು.

ಬಸ್ಸಿನ ಮಹಡಿ

ಹಿಂದಿರುಗುವಾಗ ಮಹಡಿ ಬಸ್ಸಿನ ಮೇಲೆ, ಮುಂದಿನ ಸೀಟಿನಲ್ಲಿ ಕೂತೆವು. ಅಲ್ಲಿ ಕೂತರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮಂಜಿನಲ್ಲಿ ತೇಲಿಹೋದಂತಿರುತ್ತದೆ, ಮಂಜಿನಲ್ಲಿ ಇದ್ದಿಲ ವಾಸನೆ ಇರುವುದೊಂದು ಬಿಟ್ಟರೆ. ಒಳಗೆ ನಡೆದದ್ದನ್ನು ಮಗಳು ಆಗ ಹೇಳಿದಳು.

ಡಾಕ್ಟರಮ್ಮನ ಕಾಗದ ಡೀನ್ ಮುಂದೆ ಇತ್ತು. ರೋಗಿಗಳ ಮಾತನ್ನು ನೀನು ಹೇಳುತ್ತಿದ್ದೆಯಂತೆ, ಯಾವಾಗಲಾದರೂ ತಪ್ಪು ಹೇಳಿದ್ದುಂಟೇ ಎಂದು ಅವರು ಕೇಳಿದರು. ಅವಳು ಉಂಟು ಎಂದಳು.

ಅವಳಿಗೆ ಹನ್ನೆರಡು ವರ್ಷವಾಗಿದ್ದಾಗ ಕೇರಳದ ಕಡೆಯ ಒಬ್ಬ ಹೆಂಗಸು ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದು, ಮಗುವಿಗೆ ಮೂರು ದಿನದಿಂದ ಪನಿ ಎಂದಳಂತೆ. ತಮಿಳಿನಲ್ಲಿ ಪನಿ ಎಂದರೆ ಇಬ್ಬನಿ. ಆಗ ದಾಕ್ಷಾಯಿಣಿಗೆ ತಮಿಳಿನಷ್ಟು ಮಲಯಾಳ ಬರುತ್ತಿರಲಿಲ್ಲ. ಮಗು ಮೂರು ದಿನದಿಂದ ಇಬ್ಬನಿಯಲ್ಲಿ ಮಲಗಿದೆಯಂತೆ ಎಂದು ಡಾಕ್ಟರಮ್ಮನಿಗೆ ಹೇಳಿದಳು. ಮಲಯಾಳದಲ್ಲಿ ಪನಿ ಎಂದರೆ ಜ್ವರ. ಡಾಕ್ಟರಮ್ಮ ಕೆಮ್ಮಿನ ಔಷಧಿಗೆ ಕೈ ಹಾಕಿದವರು ಹಾಗೇ ತಡೆದು, ಬಟ್ಟೆ ಸರಿಸಿ ಮಗುವಿನ ಎದೆಯ ಮೇಲೆ ಕೈಯಿಟ್ಟರು. ಬೈಯಲಿಲ್ಲ. ದಾಕ್ಷಾಯಿಣಿಯ ಕೈ ಹಿಡಿದು ಅದನ್ನೂ ಮಗುವಿನ ಎದೆಯ ಮೇಲಿಟ್ಟರು. ಕಾದ ಹೆಂಚು ಮುಟ್ಟಿದಂತಿತ್ತು. ಮಗು ಹತ್ತು ದಿನ ಅಲ್ಲೇ ಇದ್ದು ಗುಣವಾಗಿ ಹೋಯಿತು. ಅಂದಿನಿಂದ ಯಾರು ಏನೇ ಹೇಳಲಿ, ಮೊದಲು ಮುಟ್ಟಿ ನೋಡಿ ಆಮೇಲೆ ಮಾತು ಹೇಳುತ್ತಿದ್ದೆ ಎಂದು ಅವಳು ಡೀನಿಗೆ ಹೇಳಿದಳು.

ಆಮೇಲೆ ಅವರು ಭೌತಶಾಸ್ತ್ರದ ಅಂಕ ಕೇಳಿದರು. ಅದನ್ನೂ ಇದ್ದದ್ದು ಇದ್ದಂತೆ ಹೇಳಿದಳು.

ಇದು ನಡೆದದ್ದು ನನ್ನ ಮಂಡಿಯ ಎದುರಿಗೇ. ನಾನು ಆಗ ಈರುಳ್ಳಿ ತೂಕ ಹಾಕಿಸುತ್ತ ಕೂತಿದ್ದೆ. ಅವಳು ಅದನ್ನು ನನಗೆಂದೂ ಹೇಳಿರಲಿಲ್ಲ. ಯಾಕೆಂದು ಕೇಳಿದೆ. ನಾಚಿಕೆಯಾಗಿತ್ತು ಎಂದಳು.

ಕಾಗದ

ಮಾರನೆಯ ದಿನ ಅಂಚೆಯಲ್ಲಿ ಏನೂ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ನಡುವೆ ಶನಿವಾರ, ಭಾನುವಾರ. ಮನೆಯೊಡತಿಗೆ ನಮಗಿಂತ ಹೆಚ್ಚು ಕಾತರ. ಅಂಚೆಯವನು ಮೂಲೆ ತಿರುಗುವ ಮೊದಲೇ ಬಾಗಿಲಲ್ಲಿ ನಿಲ್ಲುತ್ತಿದ್ದರು. ನಾನು ಮನಸ್ಸಿನಲ್ಲೇ ವಾಪಸು ಪ್ರಯಾಣದ ಟ್ರಂಕು ಕಟ್ಟಿಬಿಟ್ಟಿದ್ದೆ. ಊರಿನಲ್ಲಿ ಯಾರಿಗೆ ಏನು ಹೇಳಬೇಕೆಂದೂ ಯೋಚಿಸಿದ್ದೆ. ಮಂಗಳವಾರ ಬೆಳಿಗ್ಗೆ ಒಡತಿ ಕಾಗದವನ್ನು ಎರಡು ಕೈಯಲ್ಲಿ ಹಿಡಿದು ತಂದರು.

ದಾಕ್ಷಾಯಿಣಿ ನಿಂತೇ ಓದಿದಳು, ಆಮೇಲೆ ಕೂತು ಇನ್ನೊಮ್ಮೆ ಓದಿದಳು. ಅಕ್ಟೋಬರಿನಿಂದ ಸೇರಿಸಿಕೊಳ್ಳುತ್ತೇವೆ, ಆದರೆ ಭೌತಶಾಸ್ತ್ರವನ್ನೂ ಸೇರಿಸಿ ಮೆಡಿಕಲ್ಲಿಗೆ ಮುಂಚಿನ ವಿಜ್ಞಾನದ ವರ್ಷವನ್ನು ಮೊದಲು ಓದಬೇಕು, ಆ ವರ್ಷ ಪಾಸಾಗದಿದ್ದರೆ ಸೀಟು ಇಲ್ಲ ಎಂದಿತ್ತು. ಒಂದು ವರ್ಷ ಹೆಚ್ಚು. ಒಂದು ವರ್ಷ ಹೆಚ್ಚಾದರೆ ಪರವಾಗಿಲ್ಲವೇ ಎಂದು ಅವಳು ನನ್ನನ್ನು ಕೇಳಿದಳು. ಪರವಾಗಿಲ್ಲವೆಂದು ತಲೆಯಾಡಿಸಿದೆ. ಒಡತಿ ಇಬ್ಬರನ್ನೂ ನೋಡಿ, ಏನೆಂದು ತಿಳಿಯದೆಯೇ ಅತ್ತರು. ಅಕ್ಟೋಬರಿನವರೆಗೆ ಅವಳು ಡಾಕ್ಟರಮ್ಮನ ಮನೆಯಲ್ಲಿದ್ದು ಸಂಜೆ ತರಗತಿಗೆ ಹೋಗುವುದೆಂದು ಆಯಿತು.

ಎರಡು ದಿನ ಬಿಟ್ಟು ಸಹಿ ಹಾಕಲು ಕಾಲೇಜಿಗೆ ಹೋದೆವು. ತಂದೆಯ ಸಹಿ ಬೇಕಿತ್ತು. ನನಗೆ ಕನ್ನಡದಲ್ಲಿ ಮಾತ್ರ ಸಹಿ ಬರುವುದು ಎಂದಾಗ ಗುಮಾಸ್ತೆ ಯಾವ ಲಿಪಿಯಾದರೂ ಆದೀತು ಎಂದಳು. ಬರೆದ ಮೇಲೆ ಕಾಗದ ತಿರುಗಿಸಿ, ತಲೆಕೆಳಗಾಗಿ ಹಿಡಿದು ಮೆಚ್ಚಿಕೊಂಡಳು. ಅಷ್ಟರಲ್ಲಿ ಆ ನರೆತ ತಲೆಯ ಹೆಂಗಸು ಡಾಕ್ಟರು ಬಂದು, ಹೊಸಬಳಿಗೆ ಕಾಲೇಜು ತೋರಿಸುತ್ತೇನೆ ಎಂದು ದಾಕ್ಷಾಯಿಣಿಯನ್ನು ಕರೆದುಕೊಂಡು ಹೋದರು. ಮಹಡಿಯ ಕೊನೆಯಲ್ಲಿ ಹೆಣಗಳನ್ನು ಕೊಯ್ದು ಕಲಿಯುವ ಕೋಣೆ ಇತ್ತು. ಅವರ ಹಿಂದೆ ಹೋಗಿದ್ದ ನಾನು ಬಾಗಿಲು ತೆರೆದಾಗ ಬಂದ ವಾಸನೆಗೇ ಹಿಂದೆ ಸರಿದೆ. ಬೆಂಚು ನನಗೆ ಗೊತ್ತಿದ್ದ ಜಾಗ, ಅಲ್ಲಿಗೆ ಹೋಗಿ ಕೂತೆ.

ಅವಳು ಮನೆಯಲ್ಲಿ ಸಾವು ಕಂಡವಳಲ್ಲ. ಅಜ್ಜಿ ತೀರಿಕೊಂಡಾಗ ಹಾಸ್ಟೆಲಿನಲ್ಲಿದ್ದಳು. ಆ ಕೋಣೆ ನೋಡಿ ಡಾಕ್ಟರಿಕೆಯೇ ಬೇಡ ಎಂದುಬಿಟ್ಟರೆ ಏನು ಮಾಡುವುದು ಎಂದು ಸೀಟು ಸಿಕ್ಕಿದ ಮೇಲೆ ನನಗೆ ಹೊಸ ಚಿಂತೆ ಹತ್ತಿಕೊಂಡಿತು.

ಬಹಳ ಹೊತ್ತಿನ ಮೇಲೆ ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ. ನನ್ನ ಪಕ್ಕ ಕೂತು ಅಂಗೈಗಳನ್ನು ಮೊಣಕಾಲ ಮೇಲಿಟ್ಟುಕೊಂಡಳು. ಹೆದರಿಕೆಯಾಯಿತೇ ಎಂದು ಕೇಳಿದೆ.

"ಆಯ್ತು ಕಣಪ್ಪ," ಎಂದಳು. ಸೊಂಟದ ಸೆರಗು ಬಿಡಿಸಿ ಎದ್ದು ನಿಂತು, "ಬಾ ಓಗನ. ಅಸಿವಾಯ್ತದೆ," ಎಂದಳು.

ಬೀದಿಯಾಚೆ ಒಂದು ಚಹಾದಂಗಡಿ ಇತ್ತು. ಅವಳು ರೊಟ್ಟಿ, ಬೇಯಿಸಿದ ಅವರೆಕಾಳು ತರಿಸಿಕೊಂಡು ತನ್ನ ತಟ್ಟೆ ಖಾಲಿ ಮಾಡಿ, ನನ್ನದಕ್ಕೂ ಕೈ ಹಾಕಿದಳು.